ಬರಿಗಾಲೋ, ಶೂವೋ? ಕರಾಟೆಗೆ ಸೇರುವ ಮುನ್ನ ನೆಲ ನೋಡಿ

ಜುಲೈ ತಿಂಗಳಲ್ಲಿ ಸಂಜೆ ಐದೂವರೆಗೆ ನಮ್ಮ ಕರಾಟೆ ಹಾಲ್‌ಗೆ ಬಂದರೆ ಮೊದಲು ಚಪ್ಪಲಿ ರಾಶಿ ದಾಟಬೇಕು. ಹವಾಯಿ ಚಪ್ಪಲಿ, ಕೆಸರು ಮೆತ್ತಿದ ಸ್ಕೂಲ್ ಶೂ, ತೋಟದಿಂದ ನೇರ ಬಂದ ಯಾರದೋ ಅಪ್ಪನ ಗಮ್‌ಬೂಟ್. ಪಕ್ಕದಲ್ಲಿ ನೀರು ಸುರಿಸುತ್ತಾ ನಿಂತ ಕೊಡೆಗಳು. ಚಿಕ್ಕಮಗಳೂರಿನ ಮಳೆಗಾಲ ಗೊತ್ತಲ್ವಾ, ಜೂನ್‌ನಲ್ಲಿ ಒದ್ದೆಯಾದದ್ದು ಸೆಪ್ಟೆಂಬರ್‌ವರೆಗೂ ಸರಿಯಾಗಿ ಒಣಗುವುದಿಲ್ಲ.

ಆ ಬಾಗಿಲಲ್ಲೇ ಪ್ರತಿ ವರ್ಷ ಹೊಸದಾಗಿ ಸೇರಿದ ಮಕ್ಕಳ ಅಮ್ಮಂದಿರು ನನ್ನನ್ನು ಕೇಳುತ್ತಾರೆ. "ಅಕ್ಕ, ಮಗೂಗೆ ಯಾವ ಶೂ ತಗೋಬೇಕು? ಮೊಬೈಲ್‌ನಲ್ಲಿ ನೋಡಿದ್ರೆ ಕರಾಟೆ ಶೂ ಅಂತ ಹತ್ತಾರು ಬರುತ್ತೆ." ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಹಾಲ್‌ನ ನೆಲ ಯಾವುದು? ಮಗು ಕಲಿಯುವುದು ಕರಾಟೆಯೋ ಟೇಕ್ವಾಂಡೋವೋ ಅನ್ನುವುದು ಆಮೇಲೆ. ಬಜೆಟ್ ಇನ್ನೂ ಆಮೇಲೆ.

ನಾನು ಮಾಸ್ಟರ್ ಏನಲ್ಲ. ಮಗಳನ್ನು ಕ್ಲಾಸಿಗೆ ಬಿಡಲು ಹೋಗಿ, ಬೆಂಚಿನ ಮೇಲೆ ಕೂತು ಕೂತು ಬೇಜಾರಾಗಿ, 38ನೇ ವಯಸ್ಸಿಗೆ ನಾನೂ ಸೇರಿಕೊಂಡೆ. ಈಗ ಆರನೇ ವರ್ಷ. ಅಷ್ಟರಲ್ಲಿ ಮೂರು ಹಾಲ್ ಬದಲಾಯಿತು, ನಾಲ್ಕು ಥರದ ಪಾದರಕ್ಷೆ ಕೊಂಡಾಯಿತು. ಒಮ್ಮೆ ಮಂಡಿ ಉಳುಕಿತು, ಒಮ್ಮೆ ಬೆರಳ ಸಂದಿಗೆ ಹುಣ್ಣಾಗಿ ಎರಡು ತಿಂಗಳು ಒದ್ದಾಡಿದೆ. ಎರಡಕ್ಕೂ ಕಾರಣ ನನ್ನದೇ ಆಯ್ಕೆ.

ಮೂರು ನೆಲ

ಮೊದಲನೆಯದು ಹಳೆಯ ಸಮುದಾಯ ಭವನ. ರೆಡ್ ಆಕ್ಸೈಡ್ ನೆಲ, ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯ ಹಾಗೆ ಆಗಿತ್ತು. ಬೇಸಿಗೆಯಲ್ಲಿ ಬರಿಗಾಲಿಗೆ ಅಂಥ ಸುಖದ ನೆಲ ಇನ್ನೊಂದಿಲ್ಲ. ಮಳೆಗಾಲದಲ್ಲಿ ಮಾತ್ರ ಅದು ಬೆವರುತ್ತದೆ. ಹೊರಗಿನ ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ಸಣ್ಣಗೆ ನೀರಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಕಾಲು ಜಾರಿದಾಗಲೇ ಗೊತ್ತಾಗುವುದು.

ಎರಡನೆಯದು ಮದುವೆ ಹಾಲ್. ಗ್ರಾನೈಟ್ ನೆಲ. ಮದುವೆ ಇಲ್ಲದ ದಿನ ನಮಗೆ ಕೊಡುತ್ತಿದ್ದರು. ಮದುವೆಯ ಮರುದಿನ ಬೆಳಗ್ಗೆ ಹೋದರೆ ಮೂಲೆಯಲ್ಲಿ ಅಕ್ಷತೆ ಕಾಳು, ಒಂದು ಕಡೆ ಕಾಲಿಗೆ ಅಂಟುವ ಪಾಯಸದ ಕಲೆ, ಮಂಟಪ ಕಟ್ಟಿದ ಜಾಗದಲ್ಲಿ ಗುಂಡುಸೂಜಿ ಮತ್ತು ಸ್ಟೇಪ್ಲರ್ ಪಿನ್. ಒಂದು ದಿನ ಒಬ್ಬ ಹುಡುಗನ ಹಿಮ್ಮಡಿಗೆ ಪಿನ್ ಹೊಕ್ಕಿತು. ಆಮೇಲೆ ದೊಡ್ಡವರು ಇಬ್ಬರು ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿ, ಗುಡಿಸಿ, ಮೊಬೈಲ್ ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದು ನೋಡುವುದು ರೂಢಿಯಾಯಿತು. ಓರೆ ಬೆಳಕಿಗೆ ಪಿನ್ ಥಳ್ ಅಂತ ಹೊಳೆಯುತ್ತದೆ. ಹಾಲ್ ಬಾಡಿಗೆಗೆ ಪಡೆಯುವವರು ಯಾರೇ ಇರಲಿ, ಇದೊಂದನ್ನು ಮಾಡಿ.

ಮೂರನೆಯದು ಈಗಿನ ಹಾಲ್. ಹಲ್ಲಿಗೆ ಹಲ್ಲು ಸಿಕ್ಕಿಸುವ ಫೋಮ್ ಮ್ಯಾಟ್, ಜಿಗ್‌ಸಾ ಮ್ಯಾಟ್ ಅನ್ನುತ್ತೇವೆ. ಕರಾಟೆಗೆ 20–25 ಮಿ.ಮೀ. ದಪ್ಪದ್ದು ಸಾಕು. ಎತ್ತಿ ಕೆಡವುವ ಜೂಡೋಗೆ 40 ಮಿ.ಮೀ. ಅಥವಾ ಇನ್ನೂ ದಪ್ಪ ಬೇಕು. ಇದರ ಕಷ್ಟ ಬೇರೆ. ಜೋಡಣೆ ಸಡಿಲವಾದ ಕಡೆ ಕಿರುಬೆರಳು ಸಿಕ್ಕಿಕೊಳ್ಳುತ್ತದೆ. ಹಿಡಿತ ಜಾಸ್ತಿ, ಬೆವರೂ ಸೇರಿದರೆ ಕಾಲು ಅಂಟಿಕೊಂಡ ಹಾಗೆ ನಿಲ್ಲುತ್ತದೆ.

ಜಾರುವ ನೆಲ ಅಪಾಯ ಅಂತ ಎಲ್ಲರಿಗೂ ಗೊತ್ತು. ಅಂಟುವ ನೆಲವೂ ಅಷ್ಟೇ ಅಪಾಯ ಅಂತ ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ.

ಮವಾಶಿ ಗೇರಿ ತಗೊಳ್ಳಿ, ಪಕ್ಕದಿಂದ ಸುತ್ತಿ ಒದೆಯುವುದು. ಬಲಗಾಲಲ್ಲಿ ಒದೆಯುತ್ತೀರಿ ಅಂದರೆ ಇಡೀ ಮೈ ಎಡಗಾಲಿನ ಮೇಲೆ ನಿಂತಿರುತ್ತದೆ. ಸೊಂಟ ತಿರುಗುವಾಗ ಎಡ ಪಾದವೂ ಬೆರಳುಗಳ ಬುಡದ ಗಟ್ಟಿ ಭಾಗದ ಮೇಲೆ ಗಿರಕಿ ಹೊಡೆಯಬೇಕು, ಹಿಮ್ಮಡಿ ಎದುರಾಳಿಯ ಕಡೆ ಬರಬೇಕು. ಪಾದ ಅಲ್ಲೇ ಕಚ್ಚಿಕೊಂಡು ಸೊಂಟ ಮಾತ್ರ ತಿರುಗಿದರೆ ಆ ತಿರುಚು ಎಲ್ಲಿಗೆ ಹೋಗಬೇಕು? ಮಂಡಿಗೆ. ಮಂಡಿ ಮಡಚಲು ಇರುವ ಕೀಲು. ಹಿಂಡಿದರೆ ತಡೆಯುವುದಿಲ್ಲ.

ಹಾಗಾಗಿ ನನ್ನ ಪರೀಕ್ಷೆ ಹೀಗೆ. ಯಾವುದೇ ಶೂ, ಸಾಕ್ಸ್ ಕೊಂಡರೂ ಅದನ್ನು ಹಾಕಿಕೊಂಡು ನಿಮ್ಮ ಹಾಲ್‌ನ ನೆಲದ ಮೇಲೆ ಒಂದೇ ಕಾಲಲ್ಲಿ ನಿಂತು ನಿಧಾನವಾಗಿ ತಿರುಗಿ ನೋಡಿ. ಸಲೀಸಾಗಿ ತಿರುಗಬೇಕು. ಆಮೇಲೆ ಮುಂದಕ್ಕೆ ಜಿಗಿದು ಗಕ್ಕನೆ ನಿಲ್ಲಿ, ಜಾರಬಾರದು. ಎರಡೂ ಪಾಸಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ವಾಪಸ್ ಮಾಡಿ.

ಬರಿಗಾಲು

ಮ್ಯಾಟ್ ಇದ್ದರೆ ನನ್ನ ಓಟು ಬರಿಗಾಲಿಗೇ. ಕರಾಟೆ, ಜೂಡೋ, ಕಳರಿಪಯಟ್ಟು ಎಲ್ಲ ಬರಿಗಾಲಲ್ಲಿ ಬೆಳೆದ ವಿದ್ಯೆಗಳು. ನಮ್ಮ ಗರಡಿ ಮನೆಯ ಮಟ್ಟಿಗೂ ಯಾರೂ ಚಪ್ಪಲಿ ಹಾಕಿಕೊಂಡು ಇಳಿಯುವುದಿಲ್ಲ. ಇದು ಬರೀ ಸಂಪ್ರದಾಯ ಅಂದುಕೊಂಡಿದ್ದೆ. ಮಾಯಿ ಗೇರಿ ಕಲಿಯುವಾಗ ಕಾರಣ ತಿಳಿಯಿತು. ಅದು ನೇರ ಮುಂದಕ್ಕೆ ಒದೆಯುವುದು. ಬೆರಳುಗಳನ್ನು ಹಿಂದಕ್ಕೆ ಮಡಚಿ, ಅವುಗಳ ಬುಡದ ಭಾಗದಿಂದ ತಗುಲಿಸಬೇಕು. ಬೆರಳು ಮಡಚದಿದ್ದರೆ ಹೆಬ್ಬೆರಳೇ ಮೊದಲು ಹೋಗಿ ಬಡಿಯುತ್ತದೆ, ಆ ನೋವು ಹೇಳತೀರದು. ಶೂ ಒಳಗಿದ್ದರೆ ಬೆರಳು ಮಡಚಿದೆಯೋ ಇಲ್ಲವೋ ನಿಮಗೂ ಗೊತ್ತಾಗದು, ಮಾಸ್ಟರ್‌ಗೂ ಕಾಣದು.

ಒಂದೊಂದು ಪಾದದಲ್ಲಿ 26 ಮೂಳೆ. ವರ್ಷಗಟ್ಟಲೆ ಶೂ ಒಳಗೆ ಮಲಗಿದ್ದ ಬೆರಳುಗಳು ಬರಿಗಾಲಲ್ಲಿ ನಿಂತಾಗ ನೆಲ ಹಿಡಿಯಲು ಕಲಿಯುತ್ತವೆ. ಒಂಟಿ ಕಾಲಲ್ಲಿ ಎರಡು ಸೆಕೆಂಡ್ ನಿಲ್ಲಲಾಗದಿದ್ದ ನಾನು ಆರು ತಿಂಗಳಲ್ಲಿ ನಿಂತುಕೊಂಡೇ ಗೀ (ಕರಾಟೆಯ ಬಿಳಿ ಉಡುಪು) ಪ್ಯಾಂಟು ಹಾಕಿಕೊಳ್ಳುವ ಹಾಗಾದೆ. ಸಣ್ಣದು ಅನ್ನಿಸಬಹುದು, ನನಗೆ ದೊಡ್ಡದು.

ಕಷ್ಟಗಳೂ ಇವೆ. ಮೊದಲ ತಿಂಗಳು ಹೆಬ್ಬೆರಳ ಕೆಳಗೆ ಗುಳ್ಳೆ ಏಳುತ್ತದೆ. ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ಜಿಗಿದು ಜಿಗಿದು ಹಿಮ್ಮಡಿ ನೋವು ಬರುತ್ತದೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಮುಳ್ಳು ಚುಚ್ಚಿದ ಹಾಗೆ ಆಗುವುದು ಅದರ ಗುರುತು. ಇನ್ನು ನಮ್ಮೂರು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಆರು ಗಂಟೆಗೆ ಗ್ರಾನೈಟ್ ಮೇಲೆ ಕಾಲಿಟ್ಟರೆ ಚಳಿ ತಲೆಗೆ ಹತ್ತುತ್ತದೆ. ಮರಗಟ್ಟಿದ ಪಾದದಲ್ಲಿ ಒದೆಯುವುದು ಒಳ್ಳೆಯದಲ್ಲ. ವಾರ್ಮಪ್‌ವರೆಗೆ ಗ್ರಿಪ್ ಸಾಕ್ಸ್ ಇರಲಿ, ಮೈ ಬಿಸಿಯಾದ ಮೇಲೆ ತೆಗೆಯಿರಿ.

ಸಕ್ಕರೆ ಕಾಯಿಲೆ ಇರುವವರಿಗೆ ಬೇರೆ ಮಾತು. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಗಾಯವಾದದ್ದೇ ತಿಳಿಯುವುದಿಲ್ಲ. ಅಂಥವರು ಡಾಕ್ಟರಿಗೆ ಪಾದ ತೋರಿಸದೆ ಬರಿಗಾಲಲ್ಲಿ ಇಳಿಯಬೇಡಿ. ಮಾಸ್ಟರ್ ಹತ್ತಿರವೂ ವಿಷಯ ಹೇಳಿ, ಮುಚ್ಚಿಡಬೇಡಿ.

ಸಾಕ್ಸ್: ಮಾಮೂಲಿಯದು ಬೇಡ, ಗ್ರಿಪ್ ಇರುವುದು ಕೆಲವೊಮ್ಮೆ

ಸ್ಕೂಲ್ ಸಾಕ್ಸ್ ಹಾಕಿಕೊಂಡು ಟೈಲ್ಸ್ ಮೇಲೆ ಒದೆಯುವುದು ಬಾಳೆಹಣ್ಣಿನ ಸಿಪ್ಪೆ ಮೇಲೆ ನಿಂತ ಹಾಗೆ. ಇಷ್ಟು ಸಾಕು ಅದರ ಬಗ್ಗೆ.

ಗ್ರಿಪ್ ಸಾಕ್ಸ್ ಅಂದರೆ ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವುದು. ಯೋಗ ಮಾಡುವವರು ಹಾಕುತ್ತಾರಲ್ಲ, ಅದೇ. ನಾನು 250 ರೂಪಾಯಿ ಕೊಟ್ಟಿದ್ದೆ. ಗ್ರಾನೈಟ್ ನೆಲದ ಮೇಲೆ ಚಳಿಗಾಲಕ್ಕೆ ಒಳ್ಳೆಯದು. ಕಟಾ, ಅಂದರೆ ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ಚಲನೆಗಳ ಸಾಲನ್ನು, ನಿಧಾನವಾಗಿ ಅಭ್ಯಾಸ ಮಾಡುವಾಗಲೂ ಪರವಾಗಿಲ್ಲ. ಫೋಮ್ ಮ್ಯಾಟ್ ಮೇಲೆ ಮಾತ್ರ ಕೆಲಸ ಕೆಡುತ್ತದೆ. ಚುಕ್ಕೆಗಳು ಮ್ಯಾಟನ್ನು ಕಚ್ಚುತ್ತವೆ, ಸಾಕ್ಸ್ ಅಲ್ಲೇ ನಿಂತು ಒಳಗೆ ಪಾದ ತಿರುಗುತ್ತದೆ. ಎರಡೇ ವಾರದಲ್ಲಿ ಹೆಬ್ಬೆರಳ ಪಕ್ಕ ಉಜ್ಜಿ ಗುಳ್ಳೆ. ಕೊಳ್ಳುವುದಾದರೆ ಬಿಗಿಯಾಗಿ ಕೂರುವ ಅಳತೆ ನೋಡಿ, ಒಳಮಗ್ಗುಲು ಹೊರಮಾಡಿ ಒಗೆಯಿರಿ. ಚುಕ್ಕೆ ಸವೆದರೆ ಅದೂ ಮಾಮೂಲಿ ಸಾಕ್ಸೇ.

ಟೇಕ್ವಾಂಡೋ ಶೂ

ಆನ್‌ಲೈನ್‌ನಲ್ಲಿ "ಕರಾಟೆ ಶೂ" ಅಂತ ಮಾರುವುದು ಹೆಚ್ಚಾಗಿ ಇದೇ. ಹಗುರ, ಅಡಿ ತೆಳ್ಳಗೆ, ಎರಡು ಬೆರಳಲ್ಲಿ ಮಡಚಬಹುದು. ಒಳ್ಳೆಯದರಲ್ಲಿ ಅಡಿಯ ಮುಂಭಾಗದಲ್ಲಿ ಒಂದು ದುಂಡನೆಯ ಗುರುತು ಇರುತ್ತದೆ. ಗಿರಕಿ ಹೊಡೆಯಲು ಬೇಕಾದ ಜಾಗ ಅದು. ಈ ಗುರುತಿಲ್ಲದೆ ಅಡಿಪೂರ್ತಿ ಆಳವಾದ ಗೆರೆಗಳಿದ್ದರೆ ಅದು ಮಾಮೂಲಿ ಶೂಗೆ ಬಿಳಿ ಬಣ್ಣ ಹಚ್ಚಿದ್ದು ಅಂದುಕೊಳ್ಳಿ.

ಇದು ಯಾರಿಗೆ ಬೇಕು? ಮ್ಯಾಟ್ ಇಲ್ಲದ ಸಿಮೆಂಟ್ ಅಥವಾ ಗ್ರಾನೈಟ್ ಹಾಲ್‌ನಲ್ಲಿ ಕಲಿಯುವವರಿಗೆ. ಹಿಮ್ಮಡಿ ನೋವಿರುವ ನನ್ನ ವಯಸ್ಸಿನವರಿಗೆ. ಶಾಲಾ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಪ್ರದರ್ಶನ ಕೊಡುವ ಮಕ್ಕಳಿಗೂ ಆಗುತ್ತದೆ. ಆ ಹಲಗೆಗಳ ಮೊಳೆ, ಸಿಬಿರು ನೆನೆದರೇ ಕಾಲು ಜುಮ್ಮೆನ್ನುತ್ತದೆ.

ಮೆತ್ತೆ ತೆಳುವಾಗಿದ್ದರೂ ಕಲ್ಲುನೆಲದ ಪೆಟ್ಟು ಸ್ವಲ್ಪ ಕಡಿಮೆಯಾಗುತ್ತದೆ. ಬೆರಳು ಒಳಗೆ ಆಡಿಸಬಹುದು. ಕೊರತೆ ಅಂದರೆ ಮುಂಭಾಗ ಕಿರಿದು. ಚಿಕ್ಕಂದಿನಿಂದ ಚಪ್ಪಲಿಯಲ್ಲೇ ಓಡಾಡಿದ ನಮ್ಮಂಥವರ ಪಾದ ಅಗಲ, ಕಿರುಬೆರಳು ಒತ್ತುತ್ತದೆ. ಅಳತೆ ಚೀಟಿಯ ನಂಬರ್ ಒಂದೊಂದು ಕಂಪನಿಗೆ ಒಂದೊಂದು ಥರ. ಪಾದದ ಉದ್ದ ಸೆಂಟಿಮೀಟರ್‌ನಲ್ಲಿ ಅಳೆದು ಅದನ್ನೇ ನೋಡಿ ಆರ್ಡರ್ ಮಾಡಿ.

ಎರಡು ಎಚ್ಚರಿಕೆ. ಒಂದು, ಜೊತೆಯವರ ಜತೆ ಕುಮಿತೆ (ಇಬ್ಬರು ಎದುರುಬದುರು ನಿಂತು ಆಡುವ ಕಾದಾಟ) ಮಾಡುವಾಗ ಶೂ ಬಿಚ್ಚಿ, ಅಂಚು ತಗುಲಿದರೆ ಅವರಿಗೆ ಗಾಯವಾಗುತ್ತದೆ. ಎರಡು, ಬೆಲ್ಟ್ ಪರೀಕ್ಷೆಗೆ, ಪಂದ್ಯಕ್ಕೆ ಇದು ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಟೇಕ್ವಾಂಡೋದ ದೊಡ್ಡ ಪಂದ್ಯಗಳಲ್ಲೇ ಈ ಶೂ ಇಲ್ಲ, ಅಂಕ ಎಣಿಸುವ ಸೆನ್ಸರ್ ಇರುವ ಸಾಕ್ಸ್ ಹಾಕುತ್ತಾರೆ. ಕರಾಟೆಯಲ್ಲಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ನೋಡಿದವರಿಗೆ ನೆನಪಿರಬಹುದು. ಕಟಾ ಮಾಡುವವರು ಬರಿಗಾಲು, ಕುಮಿತೆಯವರ ಪಾದದ ಮೇಲೆ ಕೆಂಪು ಅಥವಾ ನೀಲಿ ಪ್ಯಾಡ್. ಆ ಪ್ಯಾಡ್ ಪಾದದ ಮೇಲ್ಭಾಗಕ್ಕೆ ಮಾತ್ರ, ಅಂಗಾಲು ಮ್ಯಾಟಿಗೇ ತಾಗುತ್ತದೆ. ಮಗು ಕುಮಿತೆ ಶುರುಮಾಡಿದ ಮೇಲೆ ಅದನ್ನು ಕೊಳ್ಳಿ, ಸೇರಿದ ದಿನವೇ ಬೇಕಿಲ್ಲ.

ಕುಸ್ತಿ ಶೂ, ಬಟ್ಟೆ ಶೂ, ಸ್ಪೋರ್ಟ್ಸ್ ಶೂ

ಕುಸ್ತಿ ಶೂ ಹರಡಿನ ಮೇಲಕ್ಕೆ ಬರುತ್ತದೆ, ಬಿಗಿಯಾಗಿ ಹಿಡಿಯುತ್ತದೆ. ಮ್ಯಾಟ್ ಕುಸ್ತಿಯಲ್ಲಿ ಅದು ಕಡ್ಡಾಯ. ಎದುರಾಳಿಯನ್ನು ತಳ್ಳಲು ನೆಲ ಕಚ್ಚಬೇಕಲ್ಲ, ಅದಕ್ಕೇ ಹಾಗೆ ಮಾಡಿರುವುದು. ಅದೇ ಗುಣ ಕರಾಟೆಗೆ ದೋಷ. ಮಗ ಎರಡೂ ಕಲಿಯುತ್ತಿದ್ದರೆ ಕುಸ್ತಿ ಶೂ ಕುಸ್ತಿಗೇ ಇರಲಿ.

ಕುಂಗ್‌ಫು ಬಟ್ಟೆ ಶೂ, ಅಂದರೆ ಕಪ್ಪು ಕ್ಯಾನ್ವಾಸ್, ಚಪ್ಪಟೆ ಅಡಿ. ಚೀನಾದ ವುಶು ವಿದ್ಯೆಯಲ್ಲಿ ತಾವ್‌ಲೂ (ನಮ್ಮ ಕಟಾದಂಥದ್ದು) ಮಾಡುವವರು ಶೂ ಹಾಕಿಯೇ ಮಾಡುತ್ತಾರೆ. ಅಗ್ಗ. ಟೈಲ್ಸ್ ನೆಲಕ್ಕೆ ಪರವಾಗಿಲ್ಲ. ಮಳೆಗಾಲದಲ್ಲಿ ಒಮ್ಮೆ ನೆನೆದರೆ ನಾಲ್ಕು ದಿನ ಒಣಗುವುದಿಲ್ಲ, ಐದನೇ ದಿನ ವಾಸನೆ.

ಇನ್ನು ಸ್ಪೋರ್ಟ್ಸ್ ಶೂ. ಇದು ನನ್ನ ಕಥೆ. ಸೇರಿದ ಎರಡನೇ ತಿಂಗಳು ಹಿಮ್ಮಡಿ ನೋವು ಬಂತು. ಮನೆಯಲ್ಲಿ ವಾಕಿಂಗ್‌ಗೆ ಅಂತ ತಂದ ಒಳ್ಳೆಯ ರನ್ನಿಂಗ್ ಶೂ ಇತ್ತು. ಅಡಿ ತೊಳೆದು, ಒರೆಸಿ, "ಇವತ್ತೊಂದಿನ ಮಾಸ್ಟರ್" ಅಂತ ಕೇಳಿ ಹಾಕಿಕೊಂಡೆ. ಅವರು ಒದೆಯಬೇಡಿ ಅಂದಿದ್ದರು, ನಾನು ಕೇಳಲಿಲ್ಲ. ಮೂರನೇ ಮವಾಶಿ ಗೇರಿಗೆ ಎಡಗಾಲು ನೆಲಕ್ಕೆ ಕಚ್ಚಿಕೊಂಡಿತು, ಸೊಂಟ ಮುಂದೆ ಹೋಯಿತು, ಮಂಡಿಯಲ್ಲಿ ಲಟಕ್ ಅಂತ ಸದ್ದು. ಪುಣ್ಯಕ್ಕೆ ಏನೂ ಹರಿದಿರಲಿಲ್ಲ. ಮೂರು ವಾರ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಬೇಕಾಯಿತು. ರನ್ನಿಂಗ್ ಶೂ ನೇರ ಮುಂದಕ್ಕೆ ಓಡಲು ಮಾಡಿದ್ದು. ಹಿಮ್ಮಡಿ ದಪ್ಪ, ಅಡಿ ಅಗಲ, ರಬ್ಬರ್ ಗಟ್ಟಿ. ಒಂಟಿ ಕಾಲಲ್ಲಿ ತಿರುಗುವ ಕೆಲಸಕ್ಕೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ.

ಹಿಮ್ಮಡಿ ನೋವಿಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಬೇರೆಯೇ. ಸ್ವಲ್ಪ ದಿನ ಜಿಗಿಯುವುದನ್ನು ಬಿಟ್ಟೆ. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ ದಿನಕ್ಕೆ ಎರಡು ಸಲ ಮಾಡಿದೆ. ನೀರು ತುಂಬಿ ಫ್ರೀಜರ್‌ನಲ್ಲಿಟ್ಟ ಪ್ಲಾಸ್ಟಿಕ್ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸುತ್ತಿದ್ದೆ.

ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು

ಒಂದು ಜೊತೆ ಹವಾಯಿ ಚಪ್ಪಲಿ. ತಮಾಷೆಗೆ ಹೇಳುತ್ತಿಲ್ಲ. ಜೂಡೋದವರು ಮ್ಯಾಟ್ ಬಿಟ್ಟು ಕೆಳಗಿಳಿದರೆ ಚಪ್ಪಲಿ ಹಾಕಿಯೇ ಓಡಾಡಬೇಕು, ಜಪಾನಿನಲ್ಲಿ ಅದಕ್ಕೆ ಜೋರಿ ಅನ್ನುವ ಹುಲ್ಲಿನ ಚಪ್ಪಲಿ ಇತ್ತು. ಮ್ಯಾಟಿನ ಅಂಚಿನಿಂದ ಬಚ್ಚಲಿಗೆ, ನೀರು ಕುಡಿಯುವ ಜಾಗಕ್ಕೆ ಹೋಗಿ ಬರಲು ಮಾತ್ರ ಆ ಜೊತೆ. ರಸ್ತೆಗೆ ಬೇರೆ. ನಮ್ಮ ಮನೆಗಳಲ್ಲಿ ಬಚ್ಚಲ ಚಪ್ಪಲಿ ಬೇರೆ ಇಡುತ್ತೇವಲ್ಲ, ಅದೇ ಲೆಕ್ಕ. ನಮ್ಮ ಹಾಲ್‌ನಲ್ಲಿ ಮಕ್ಕಳು ಬರಿಗಾಲಲ್ಲೇ ಟಾಯ್ಲೆಟ್‌ಗೆ ಓಡಿ, ಒದ್ದೆ ಕಾಲಲ್ಲಿ ವಾಪಸ್ ಮ್ಯಾಟ್ ಹತ್ತುತ್ತಿದ್ದರು. ಈಗ ಬಾಗಿಲ ಹತ್ತಿರ ಎಲ್ಲರಿಗೂ ಆಗುವ ಹಾಗೆ ನಾಲ್ಕು ಜೊತೆ ದೊಡ್ಡ ಚಪ್ಪಲಿ ಮತ್ತು ಒಂದು ಗೋಣಿಚೀಲ ಇಟ್ಟಿದ್ದೇವೆ. ಗೋಣಿಚೀಲವನ್ನು ದಿನಾ ಒಣಗಿಸುವವರು ಯಾರು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಕಾಲುಂಗುರ, ಉಗುರು, ಒಡಕು

ಇದನ್ನು ಗಂಡಸರು ಬರೆದ ಸಲಹೆಗಳಲ್ಲಿ ನಾನು ನೋಡಿಲ್ಲ. ಕಾಲುಂಗುರ ಏನು ಮಾಡಬೇಕು? ಮೊದಲ ದಿನ ಮಾಸ್ಟರ್ ನನ್ನ ಕಾಲು ನೋಡಿ, ಮುಜುಗರದಿಂದ, "ಮೇಡಂ, ಅದು..." ಅಂದು ನಿಲ್ಲಿಸಿದರು. ತೆಗೆಯುವುದೇ ಸರಿ. ಮ್ಯಾಟಿನ ಸಂದಿಗೆ ಸಿಕ್ಕಿದರೆ ಬೆರಳು ಮುರಿಯಬಹುದು, ಎದುರಿನವರ ಚರ್ಮ ಕೊಯ್ಯಬಹುದು. ಸುತ್ತು ಕಾಲುಂಗುರವಾದರೆ ಸುಲಭವಾಗಿ ಬಿಚ್ಚುತ್ತದೆ. ನಮ್ಮ ಅತ್ತೆ ಮೊದಲು ಮುಖ ಊದಿಸಿಕೊಂಡರು. ಆಮೇಲೆ ಅವರೇ ಅರಿಶಿನ ಕುಂಕುಮದ ಹಳೇ ಡಬ್ಬಿಯೊಂದನ್ನು ತೊಳೆದು ಕೊಟ್ಟರು, "ಇದರಲ್ಲಿ ಹಾಕಿಟ್ಕೋ, ಕಳೀಬೇಡ" ಅಂತ. ತೆಗೆಯಲೇ ಬರದಿದ್ದರೆ ಮೇಲೆ ಮೆಡಿಕಲ್ ಟೇಪ್ ಎರಡು ಸುತ್ತು ಸುತ್ತಿ. ಆದರೆ ಜೋಡಿ ಅಭ್ಯಾಸ ಬೇಡ. ಕಾಲುಚೈನಿಗೂ ಇದೇ ನಿಯಮ. ಇನ್ನೊಂದು ವಿಷಯ: ಉಂಗುರದ ಅಡಿಯಲ್ಲಿ ತೇವ ನಿಂತು ಚರ್ಮ ಬೆಳ್ಳಗಾಗುತ್ತದೆ. ಸ್ನಾನದ ನಂತರ ಅಲ್ಲಿ ಒರೆಸಿ.

ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಮೂಲೆ ಕೊರೆದರೆ ಉಗುರು ಮಾಂಸದೊಳಗೆ ಬೆಳೆಯುತ್ತದೆ. ಕತ್ತರಿಸುವುದು ಕ್ಲಾಸಿನ ಹಿಂದಿನ ದಿನ ಇರಲಿ, ಆಗ ತಾನೇ ಕತ್ತರಿಸಿದ ಅಂಚು ಬ್ಲೇಡಿನ ಹಾಗೆ.

ಚಳಿಗಾಲದಲ್ಲಿ ಹಿಮ್ಮಡಿ ಒಡೆಯುವುದು ಇಲ್ಲಿ ಎಲ್ಲರಿಗೂ ಇದ್ದದ್ದೇ. ಬರಿಗಾಲ ಅಭ್ಯಾಸಕ್ಕೆ ಆ ಒಡಕು ಆಳವಾದರೆ ರಕ್ತ ಬರುತ್ತದೆ, ಮ್ಯಾಟೂ ಕೊಳೆಯಾಗುತ್ತದೆ. ರಾತ್ರಿ ಬಿಸಿನೀರಲ್ಲಿ ಹತ್ತು ನಿಮಿಷ ಕಾಲಿಟ್ಟು, ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ವ್ಯಾಸಲೀನ್ ಹಚ್ಚಿ ಹತ್ತಿ ಸಾಕ್ಸ್ ಹಾಕಿ ಮಲಗಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ಕ್ಲಾಸಿಗೆ ಹೊರಡುವ ಮುಂಚೆ ಮಾತ್ರ ಎಣ್ಣೆ ಹಚ್ಚಬೇಡಿ, ನೀವೂ ಜಾರುತ್ತೀರಿ, ನಿಮ್ಮ ಹಿಂದೆ ಬರುವವರೂ ಜಾರುತ್ತಾರೆ. ಬೆರಳ ಬುಡದಲ್ಲಿ ಗಟ್ಟಿಯಾದ ಚರ್ಮವನ್ನು ಪೂರ್ತಿ ಕೆರೆದು ತೆಗೆಯಬೇಡಿ. ಅದು ಅಭ್ಯಾಸದಿಂದ ಬಂದ ರಕ್ಷಣೆ, ದಪ್ಪವಾಗಿ ಸೀಳದಂತೆ ನೋಡಿಕೊಂಡರೆ ಸಾಕು.

ಗುಳ್ಳೆ ಎದ್ದರೆ ಒಡೆಯದೆ ಬಿಡಿ. ತಾನಾಗಿ ಒಡೆದರೆ ಸೋಪು ನೀರಲ್ಲಿ ತೊಳೆದು, ಮೇಲಿನ ಚರ್ಮ ಕೀಳದೆ, ಬ್ಯಾಂಡೇಜ್ ಹಾಕಿ ಟೇಪ್ ಸುತ್ತಿ.

ಕೆಸರು ಹುಣ್ಣು

ಎರಡನೇ ವರ್ಷದ ಆಗಸ್ಟ್. ಬಲಗಾಲ ಕಿರುಬೆರಳಿಗೂ ಪಕ್ಕದ ಬೆರಳಿಗೂ ನಡುವೆ ತುರಿಕೆ. ಬೆರಳು ಅಗಲಿಸಿ ನೋಡಿದರೆ ಚರ್ಮ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ, ಮೆತ್ತಗೆ, ಮಧ್ಯೆ ಒಂದು ಸೀಳು. ಅತ್ತೆ ಕೊಪ್ಪದ ಕಡೆಯವರು, ಗದ್ದೆ ಕೆಲಸ ನೋಡಿದವರು. ದೂರದಿಂದಲೇ "ಕೆಸರು ಹುಣ್ಣು" ಅಂದರು. ಅವರ ಕಡೆ ನಾಟಿಗೆ ಇಳಿಯುವ ಹೆಂಗಸರು ಪಾದಕ್ಕೆ ಮದರಂಗಿ ಹಚ್ಚಿಕೊಳ್ಳುತ್ತಿದ್ದರಂತೆ. ಹಿತ್ತಲ ಮದರಂಗಿ ಸೊಪ್ಪು ಅರೆದು ಸಂದಿಗೆ ಮೆತ್ತಿದರು. ತಂಪಾಯಿತು, ತುರಿಕೆ ಇಳಿಯಿತು. ಆದರೆ ಹೋಗಲಿಲ್ಲ.

ಆಮೇಲೆ ನಾನು ಮಾಡಿದ್ದು ಶುದ್ಧ ತಪ್ಪು. ಔಷಧಿ ಅಂಗಡಿಯಲ್ಲಿ ಬರೀ "ತುರಿಕೆ" ಅಂದೆ, ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ಮ್ಯಾಜಿಕ್, ತುರಿಕೆ ಮಾಯ. ನಿಲ್ಲಿಸಿದೆ. ವಾರ ಕಳೆಯುವಷ್ಟರಲ್ಲಿ ಪಾದದ ಮೇಲಕ್ಕೂ ಹಬ್ಬಿತ್ತು. ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ ನೋಡಿ ತಲೆ ಚಚ್ಚಿಕೊಂಡರು. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಸ್ಟೀರಾಯ್ಡ್ ಕೆಂಪು, ತುರಿಕೆಯನ್ನು ಅಡಗಿಸುತ್ತದೆ, ಜೊತೆಗೆ ಚರ್ಮದ ತಡೆಯುವ ಶಕ್ತಿಯನ್ನೂ ಅಡಗಿಸುತ್ತದೆ. ಹುಣ್ಣಿಗೆ ಕಾರಣವಾದ ಫಂಗಸ್ ಒಳಗೊಳಗೇ ಹಾಯಾಗಿ ಹಬ್ಬುತ್ತದೆ.

ಈ ಹುಣ್ಣಿಗೆ ಸಾಮಾನ್ಯವಾಗಿ ಕೊಡುವುದು ಕ್ಲೋಟ್ರಿಮಜೋಲ್ ಅಥವಾ ಟರ್ಬಿನಾಫಿನ್ ಮುಲಾಮು, ಸ್ಟೀರಾಯ್ಡ್ ಇಲ್ಲದ್ದು. ಟ್ಯೂಬ್ ಮೇಲೆ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್ ಅನ್ನುವ ಹೆಸರು ಕಂಡರೆ ಡಾಕ್ಟರ್ ಹೇಳದೆ ಹಚ್ಚಬೇಡಿ. ತುರಿಕೆ ನಿಂತ ಕೂಡಲೇ ಮುಲಾಮು ನಿಲ್ಲಿಸಲೂ ಬೇಡಿ. ಕಣ್ಣಿಗೆ ವಾಸಿಯಾದಂತೆ ಕಂಡರೂ ಹೇಳಿದಷ್ಟು ದಿನ ಹಚ್ಚಿ, ಕ್ಲೋಟ್ರಿಮಜೋಲ್ ಆದರೆ ವಾರಗಟ್ಟಲೆ ಬೇಕಾಗುತ್ತದೆ. ಉಗುರು ಹಳದಿಯಾಗಿ ದಪ್ಪವಾಗಿದ್ದರೆ, ಕೀವು ಬಂದರೆ, ಸಕ್ಕರೆ ಕಾಯಿಲೆ ಇದ್ದರೆ ನೇರ ಡಾಕ್ಟರ್ ಹತ್ತಿರ.

ಹುಣ್ಣು ಇರುವಷ್ಟು ದಿನ ಮ್ಯಾಟ್ ಹತ್ತಬೇಡಿ. ಸಾಕ್ಸ್ ಹಾಕಿಕೊಂಡರೆ ಆಯಿತಲ್ಲ ಅಂತ ನಾನೂ ವಾದ ಮಾಡಿದ್ದೆ. ನನ್ನ ಜೊತೆ ಕಟಾ ಮಾಡುತ್ತಿದ್ದ ಒಂಬತ್ತು ವರ್ಷದ ಹುಡುಗಿ ಮುಂದಿನ ತಿಂಗಳು ಕಾಲು ಕೆರೆದುಕೊಳ್ಳುತ್ತಾ ನಿಂತಾಗ ಅವರಮ್ಮನ ಮುಖ ನೋಡಲಾಗಲಿಲ್ಲ. ನನ್ನಿಂದಲೇ ಬಂತೋ, ಮಳೆಯಿಂದಲೋ, ಯಾರಿಗೆ ಗೊತ್ತು.

ಬರದ ಹಾಗೆ ನೋಡಿಕೊಳ್ಳಲು ನಾನೀಗ ಮಾಡುವುದು ಇಷ್ಟು. ಕ್ಲಾಸ್ ಮುಗಿದ ತಕ್ಷಣ ಕಾಲು ತೊಳೆದು, ಒಂದೊಂದೇ ಬೆರಳ ಸಂದಿ ಒರೆಸುತ್ತೇನೆ. ಕಾಲಿಗೇ ಬೇರೆ ಸಣ್ಣ ಟವೆಲ್. ಒದ್ದೆ ಸಾಕ್ಸ್ ಮತ್ತೆ ಹಾಕುವುದಿಲ್ಲ. ಮಳೆಗಾಲದಲ್ಲಿ ಶೂ ಒಳಗೆ ರಾತ್ರಿ ನ್ಯೂಸ್‌ಪೇಪರ್ ತುರುಕಿಟ್ಟು ಬೆಳಗ್ಗೆ ಬದಲಿಸುತ್ತೇನೆ. ಬಚ್ಚಲ ಒಲೆಯ ಮುಂದೆ ಇಟ್ಟು ಒಣಗಿಸಲು ಹೋಗಿ ಒಂದು ಜೊತೆಯ ಅಡಿ ಅಂಟು ಬಿಟ್ಟುಕೊಂಡಿತ್ತು, ಹಾಗೆ ಮಾಡಬೇಡಿ. ಸಾಕ್ಸನ್ನು ಬಿಸಿನೀರಲ್ಲಿ ಒಗೆದು, ಬಿಸಿಲು ಸಿಕ್ಕ ದಿನ ಬಿಸಿಲಿಗೆ, ಸಿಗದ ದಿನ ಇಸ್ತ್ರಿಗೆ.

ಮ್ಯಾಟ್ ವಿಷಯ ಹಾಲ್ ನಡೆಸುವವರಿಗೆ. ಮೊದಲು ಸೋಪು ನೀರಲ್ಲಿ ಕೊಳೆ ತೆಗೆಯಬೇಕು. ಆಮೇಲೆ ಸೋಂಕುನಾಶಕ ಹಚ್ಚಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಟ್ಟು, ಫ್ಯಾನ್ ಹಾಕಿ ಒಣಗಿಸಬೇಕು. ಹಚ್ಚಿದ ಕೂಡಲೇ ಒರೆಸಿದರೆ ವಾಸನೆ ಬರುತ್ತದೆ ಅಷ್ಟೇ. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಅಥವಾ ಬೇರೆ ಏನನ್ನೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ತಿಂಗಳಿಗೊಮ್ಮೆ ಮ್ಯಾಟ್ ಬಿಚ್ಚಿ ಅಡಿಭಾಗ ನೋಡಿ. ನಮ್ಮಲ್ಲಿ ಮೊದಲ ಸಲ ಬಿಚ್ಚಿದಾಗ ಅಡಿಯಲ್ಲಿ ಕಪ್ಪು ಬೂಷ್ಟು ಇತ್ತು, ಜೊತೆಗೆ ಕಳೆದುಹೋಗಿದೆ ಅಂದುಕೊಂಡಿದ್ದ ಮೂರು ಹೇರ್‌ಪಿನ್.

ಹಾಗಾದರೆ ಏನು ಕೊಳ್ಳಲಿ?

ಮ್ಯಾಟ್ ಇರುವ ಹಾಲ್, ಚಿಕ್ಕ ಮಗು: ಹವಾಯಿ ಚಪ್ಪಲಿ, ಉಗುರು ಕತ್ತರಿ, ಸಣ್ಣ ಟವೆಲ್. ಶೂ ಏನೂ ಬೇಡ. ಕಲ್ಲು ಅಥವಾ ಸಿಮೆಂಟ್ ನೆಲ, ವಾರಕ್ಕೆ ಎರಡು ಮೂರು ದಿನ: ಟೇಕ್ವಾಂಡೋ ಶೂ, ಆದರೆ ಕ್ಲಾಸಿನ ಒಂದಷ್ಟು ಹೊತ್ತು ಬರಿಗಾಲಲ್ಲಿಯೂ ಮಾಡಿ. ಚಳಿಗಾಲದ ಬೆಳಗಿನ ಕ್ಲಾಸ್: ವಾರ್ಮಪ್‌ಗೆ ಗ್ರಿಪ್ ಸಾಕ್ಸ್. ನಲವತ್ತು ದಾಟಿದವರು, ಮಂಡಿ ಹಿಮ್ಮಡಿ ನೋವಿನವರು: ಶೂ ಹುಡುಕುವ ಮುಂಚೆ ಮ್ಯಾಟ್ ಇರುವ ಹಾಲ್ ಹುಡುಕಿ. ಸ್ವಲ್ಪ ದೂರ ಆದರೂ ಪರವಾಗಿಲ್ಲ.

ನಮ್ಮೂರಿನ ಎಂ.ಜಿ. ರಸ್ತೆ, ಐ.ಜಿ. ರಸ್ತೆಯ ಅಂಗಡಿಗಳಲ್ಲಿ ಹವಾಯಿ, ಕ್ಯಾನ್ವಾಸ್ ಶೂ ಸಿಗುತ್ತವೆ. ಟೇಕ್ವಾಂಡೋ ಶೂ ನಮಗೆ ಮಾಸ್ಟರ್ ಒಟ್ಟಿಗೆ ಬೆಂಗಳೂರಿನಿಂದ ತರಿಸಿಕೊಟ್ಟರು. ಒಬ್ಬೊಬ್ಬರೇ ಆನ್‌ಲೈನ್‌ನಲ್ಲಿ ತರಿಸಿ, ಅಳತೆ ತಪ್ಪಿ, ವಾಪಸ್ ಕಳಿಸುವ ಗೋಳು ತಪ್ಪಿತು. ಅಂಗಡಿಗೆ ಹೋಗುವುದಾದರೆ ಸಂಜೆ ಹೋಗಿ, ದಿನವಿಡೀ ನಿಂತ ಪಾದ ಸ್ವಲ್ಪ ಊದಿರುತ್ತದೆ, ಅದೇ ಸರಿಯಾದ ಅಳತೆ. ಮಗು ಜೊತೆಗೆ ಬರದಿದ್ದರೆ ಪೇಪರ್ ಮೇಲೆ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಪಾದ ಬರೆದುಕೊಂಡು ಹೋಗಿ. ಎರಡೂ ಪಾದ ಬರೆಯಿರಿ, ಒಂದು ಸ್ವಲ್ಪ ದೊಡ್ಡದಿರುತ್ತದೆ. ಮಳೆ ಬರುವಂತಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೊತೆ ಒಣ ಸಾಕ್ಸ್ ಇಟ್ಟುಕೊಳ್ಳಿ. ಒದ್ದೆ ಕಾಲನ್ನು ಹೊಸ ಶೂ ಒಳಗೆ ತುರುಕಲು ಯಾವ ಅಂಗಡಿಯವರೂ ಬಿಡುವುದಿಲ್ಲ.